ಡಾರ್ವಿನ್ ತಂದ ಬಾಟಲಿಗಳು: ಹೆಸರು ಸಿಕ್ಕವು, ಹೆಸರು ತಪ್ಪಿದವು

ಹವ್ಯಾಸಿಯೊಬ್ಬ ಹಿಡಿದು ತಂದ ಹಾವು, ಓತಿಕ್ಯಾತ, ಕಪ್ಪೆಗಳಿಗೆ ಆಮೇಲೆ ಇನ್ಯಾರೋ ಕೂತು ಹೆಸರು ಹುಡುಕುತ್ತಾರಲ್ಲ, ಆ ಕೆಲಸ ಎಲ್ಲಿ ನೆಟ್ಟಗೆ ಸಾಗುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ನೋಡುವುದಕ್ಕೆ, ಜಗತ್ತು ಸುತ್ತಿ ಬಂದ ಬ್ರಿಟಿಷ್ ಹಡಗು ಬೀಗಲ್‌ನ ಸಂಗ್ರಹಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಸಂಗ್ರಹಿಸಿದವನು ಚಾರ್ಲ್ಸ್ ಡಾರ್ವಿನ್. ಅವನನ್ನು ಹವ್ಯಾಸಿ ಅಂದರೆ ಯಾರಿಗಾದರೂ ಸಿಟ್ಟು ಬರಬಹುದು. ಆದರೆ 1831ರ ಡಿಸೆಂಬರ್ 27ರಂದು ಹಡಗು ಹೊರಟಾಗ ಅವನಿಗೆ 22 ವರ್ಷ. ಎಡಿನ್‌ಬರೋದಲ್ಲಿ ಡಾಕ್ಟರಿಕೆ ಓದಲು ಹೋಗಿ ಅರ್ಧಕ್ಕೇ ಬಿಟ್ಟಿದ್ದ. ಕೇಂಬ್ರಿಜ್‌ನಲ್ಲಿ ಡಿಗ್ರಿ ಮಾಡಿದ್ದು ಮುಂದೆ ಪಾದ್ರಿಯಾಗಲಿ ಅಂತ ಅಪ್ಪ ಕಳಿಸಿದ್ದಕ್ಕೆ. ಹಡಗಿನಲ್ಲಿ ಸಂಬಳವಿಲ್ಲ, ಖರ್ಚೆಲ್ಲ ಅಪ್ಪನದು. ಹಕ್ಕಿಯ ಚರ್ಮ ಸುಲಿದು ಹದಮಾಡುವುದನ್ನು ಎಡಿನ್‌ಬರೋದಲ್ಲಿ ಜಾನ್ ಎಡ್ಮನ್‌ಸ್ಟೋನ್ ಎಂಬ, ಗಯಾನಾದಿಂದ ಬಂದು ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಮನುಷ್ಯನ ಹತ್ತಿರ ದುಡ್ಡು ಕೊಟ್ಟು ಕಲಿತಿದ್ದ. ಕೈಯಲ್ಲಿದ್ದ ತರಬೇತಿ ಹೆಚ್ಚುಕಡಿಮೆ ಅಷ್ಟೇ.

1836ರ ಅಕ್ಟೋಬರ್ 2ರಂದು ವಾಪಸ್ ಬಂದಾಗ ಕೊಳೆಯದ ಹಾಗೆ ಸ್ಪಿರಿಟ್ಟಿನಲ್ಲಿ (ಮದ್ಯಸಾರದಲ್ಲಿ) ಇಟ್ಟಿದ್ದ ಮಾದರಿಗಳು 1529, ಒಣಗಿಸಿ ಚೀಟಿ ಕಟ್ಟಿದ ಚರ್ಮ, ಮೂಳೆ ಇತ್ಯಾದಿ 3907. ಪ್ರತಿಯೊಂದಕ್ಕೂ ಒಂದು ನಂಬರ್. ಸಾವಿರ ದಾಟಿದಾಗ ಚೀಟಿಯ ಬಣ್ಣ ಬದಲಾಗುತ್ತಿತ್ತು. ನಂಬರಿಗೆ ಸರಿಯಾಗಿ ಪಟ್ಟಿಯಲ್ಲಿ ಒಂದೆರಡು ಸಾಲು: ಎಲ್ಲಿ ಸಿಕ್ಕಿತು, ಯಾವಾಗ, ಜೀವ ಇದ್ದಾಗ ಹೇಗಿತ್ತು. ಈ ಶಿಸ್ತು ಮೊದಲ ದಿನದಿಂದಲೇ ಇತ್ತು ಅನ್ನುವ ಹಾಗಿಲ್ಲ. ಮೊದಮೊದಲು ಕಳಿಸಿದ ಪೆಟ್ಟಿಗೆ ಬಿಚ್ಚಿದ ಕೇಂಬ್ರಿಜ್ ಗುರು ಹೆನ್ಸ್‌ಲೋ, ಒಂದು ಮಾದರಿ ಸಿಡಿಲು ಬಡಿದು ಉಳಿದ ಮಸಿ ಮುದ್ದೆಯ ಹಾಗಿದೆಯಲ್ಲಪ್ಪ, ಏನಿದು ಅಂತ ಕಾಗದದಲ್ಲಿ ಕೇಳಿದ್ದರು.

ಇಷ್ಟೆಲ್ಲ ತಂದವನಿಗೆ ಲಂಡನ್ನಿನಲ್ಲಿ ಸಿಕ್ಕ ಸ್ವಾಗತ ತಣ್ಣಗಿತ್ತು. ಸಂಗ್ರಹಿಸುವವರು ಜಾಸ್ತಿ, ಕೂತು ಗುರುತಿಸುವವರು ಕಡಿಮೆ. ಯಾರಿಗೂ ಬಿಡುವಿಲ್ಲ. ಸರೀಸೃಪಗಳ ವಿಷಯದಲ್ಲಂತೂ, ಬೆಲ್ ಅನ್ನುವವರು ತುಂಬ ಬಿಜಿಯಂತೆ, ಅವರು ಮಾದರಿ ಬೇಕು ಅಂತ ಕೇಳುವ ಆಸೆಯೇ ಇಲ್ಲ ಅಂತ ಅದೇ ಅಕ್ಟೋಬರ್ ಕೊನೆಯಲ್ಲಿ ಡಾರ್ವಿನ್ ಹೆನ್ಸ್‌ಲೋಗೆ ಬರೆದ. ಕೊನೆಗೆ ಒಪ್ಪಿಕೊಂಡದ್ದು ಅದೇ ಬೆಲ್.

ಥಾಮಸ್ ಬೆಲ್ ಹುಟ್ಟಿದ್ದು 1792ರಲ್ಲಿ. ಹೊಟ್ಟೆಪಾಡಿಗೆ ಹಲ್ಲಿನ ಡಾಕ್ಟರ್, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ಪ್ರೀತಿ ಮಾತ್ರ ಆಮೆ, ಹಲ್ಲಿ, ಏಡಿಗಳ ಮೇಲೆ. 1836ರಲ್ಲೇ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆದ. ಅಂದರೆ ತಂದವನೂ ಹವ್ಯಾಸಿ, ಹೆಸರು ಹಚ್ಚಲು ಕೂತವನೂ ಮುಕ್ಕಾಲು ಹವ್ಯಾಸಿಯೇ. ಹಾಗಂತ ಕಣ್ಣು ಸಾಮಾನ್ಯದ್ದಲ್ಲ. ಅದಕ್ಕೆ ಸಾಕ್ಷಿ ಹನ್ನೊಂದು ವರ್ಷ ಹಿಂದಿನ ಒಂದು ಕರಿ ಹಲ್ಲಿ.

ಮೆಕ್ಸಿಕೋದಿಂದ ಬಂದ ಹಲ್ಲಿ

1825ರಲ್ಲಿ ಬೆಲ್ ಕೈಗೆ ಒಂದು ದೊಡ್ಡ ಹಲ್ಲಿ ಬಂತು. ಕೊಟ್ಟವನು ವಿಲಿಯಂ ಬುಲಕ್. ಮೆಕ್ಸಿಕೋಗೆ ಹೋಗಿ ಬಂದು, ಅಲ್ಲಿಂದ ತಂದದ್ದನ್ನೆಲ್ಲ ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸಿದ ಪ್ರದರ್ಶನಗಾರ. ಹಲ್ಲಿಯೂ ಅವನ ಮೆಕ್ಸಿಕೋ ಸಾಮಾನಿನ ಜೊತೆಗೇ ಬಂದಿತ್ತು. ಹಾಗಾಗಿ ಬೆಲ್ ಅದನ್ನು ಮೆಕ್ಸಿಕೋದ ಪ್ರಾಣಿ ಅಂತಲೇ ಬರೆದ. ಆಂಬ್ಲಿರಿಂಕಸ್ ಕ್ರಿಸ್ಟೇಟಸ್ ಅಂತ ಹೆಸರಿಟ್ಟ. ಜೀವಂತ ನೋಡಿರಲಿಲ್ಲ, ಎಲ್ಲಿ ಬದುಕುತ್ತದೆ ಗೊತ್ತಿಲ್ಲ, ಏನು ತಿನ್ನುತ್ತದೆ ಗೊತ್ತಿಲ್ಲ. ಕೈಯಲ್ಲಿದ್ದದ್ದು ಸತ್ತ ಮೈ ಮಾತ್ರ. ಆದರೂ ಅದರ ಮೋಟು ಅಗಲ ತಲೆ, ಒಂದೇ ಉದ್ದದ ಗಟ್ಟಿ ಉಗುರು ನೋಡಿ, ಇದರ ಜೀವನಕ್ರಮ ಹತ್ತಿರದ ಸಂಬಂಧಿಯಾದ ಇಗ್ವಾನಾದ ಹಾಗಲ್ಲ, ಬೇರೆಯೇ ಏನೋ ಇದೆ ಅಂತ ಊಹಿಸಿದ. ಗುರುತು ಸರಿ. ಊಹೆಯೂ ಸರಿ. ಊರು ಮಾತ್ರ ಶುದ್ಧ ತಪ್ಪು.

ಮೆಕ್ಸಿಕೋದಲ್ಲಿ ಆ ಹಲ್ಲಿ ಇಲ್ಲವೇ ಇಲ್ಲ. ಅದು ದಕ್ಷಿಣ ಅಮೆರಿಕದ ಪಶ್ಚಿಮಕ್ಕೆ ನಡುಗಡಲಲ್ಲಿರುವ ಗಲಾಪಗೋಸ್ ದ್ವೀಪಗಳದ್ದು, ಈಗ ಕಡಲ ಇಗ್ವಾನಾ ಅನ್ನುತ್ತಾರೆ. ಶಾಂತಸಾಗರದಲ್ಲಿ ಓಡಾಡುವ ಹಡಗುಗಳು ಆಮೆಗೂ ನೀರಿಗೂ ಅಲ್ಲಿ ನಿಲ್ಲುತ್ತಿದ್ದವು. ಅಂಥ ಯಾವುದೋ ಹಡಗು ಹತ್ತಿ ಅದು ಬುಲಕ್ ಕೈ ಸೇರಿರಬೇಕು.

ಡಾರ್ವಿನ್ ಗಲಾಪಗೋಸ್‌ನಲ್ಲಿದ್ದದ್ದು 1835ರ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ 20ರವರೆಗೆ. ಈ ಹಲ್ಲಿಯ ವಿಷಯದಲ್ಲಿ ಅವನು ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉದ್ದ ಸಾಮಾನ್ಯ ಒಂದು ಗಜ, ಕೆಲವು ನಾಲ್ಕು ಅಡಿ, ದೊಡ್ಡದೊಂದು ಇಪ್ಪತ್ತು ಪೌಂಡ್ ತೂಗಿತು ಅಂತ ಬರೆದುಕೊಂಡ. ನೀರಿನಲ್ಲಿ ಕಾಲನ್ನು ಮೈಗೆ ಒತ್ತಿಕೊಂಡು, ಚಪ್ಪಟೆ ಬಾಲವನ್ನು ಹಾವಿನ ಹಾಗೆ ಬಳುಕಿಸಿ ಈಜುವುದನ್ನು ನೋಡಿದ. ನಾವಿಕನೊಬ್ಬ ಒಂದಕ್ಕೆ ಭಾರ ಕಟ್ಟಿ ಮುಳುಗಿಸಿದ. ಒಂದು ಗಂಟೆ ಬಿಟ್ಟು ಹಗ್ಗ ಎಳೆದರೆ ಹಲ್ಲಿ ಚುರುಕಾಗೇ ಇತ್ತು. ಅವು ಹಿಂಡು ಕಟ್ಟಿಕೊಂಡು ಕಡಲಿಗೆ ಮೀನು ಹಿಡಿಯಲು ಹೋಗುತ್ತವೆ ಅಂತ ಅವನಿಗಿಂತ ಮುಂಚೆ ಬಂದಿದ್ದ ಕ್ಯಾಪ್ಟನ್ ಕಾಲ್ನೆಟ್ ಬರೆದಿದ್ದ. ಡಾರ್ವಿನ್ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಹಲವು ಹಲ್ಲಿಗಳ ಹೊಟ್ಟೆ ಸೀಳಿದ. ಹೊಟ್ಟೆ ಬಿರಿಯುವಷ್ಟು ತುಂಬಿದ್ದದ್ದು ಸಣ್ಣಗೆ ಅರೆದ ಕಡಲಪಾಚಿ, ತೆಳ್ಳಗಿನ ಎಲೆಯಂಥದ್ದು, ಹೊಳೆವ ಹಸಿರು ಇಲ್ಲವೇ ಮಂಕು ಕೆಂಪು. ಅಂಥ ಪಾಚಿ ದಡದ ಬಂಡೆಗಳ ಮೇಲೆ ಅಷ್ಟಾಗಿ ಕಾಣಲಿಲ್ಲ. ಹಾಗಾದರೆ ಸ್ವಲ್ಪ ದೂರದ ಕಡಲ ತಳದಲ್ಲಿ ಬೆಳೆಯುತ್ತಿರಬೇಕು, ಇವು ನೀರಿಗಿಳಿಯುವುದು ಅದಕ್ಕೇ ಅಂತ ಲೆಕ್ಕ ಹಾಕಿದ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 1825ರ ಹಲ್ಲಿ, 1835ರ ಹಲ್ಲಿ, ಎರಡೂ ಒಂದೇ ಪ್ರಾಣಿ. ಎರಡನ್ನೂ ನೋಡಿದವನು ಒಬ್ಬನೇ ಬೆಲ್. ಮೊದಲನೆಯದು ವ್ಯಾಪಾರದ ಕೈ ದಾಟಿ ಬಂದು ಊರು ಕಳೆದುಕೊಂಡಿತ್ತು. ಎರಡನೆಯದಕ್ಕೆ ದ್ವೀಪ, ಬಂಡೆ, ಹೊಟ್ಟೆಯೊಳಗಿನ ಪಾಚಿ ಎಲ್ಲವೂ ಕಾಗದದ ಮೇಲಿತ್ತು. ಬೆಲ್‌ನ ಜಾಣತನ ಎರಡು ಸಲವೂ ಅಷ್ಟೇ. ಫಲಿತಾಂಶ ಬದಲಾದದ್ದು ಚೀಟಿಯಿಂದ.

ಸ್ಪಿರಿಟ್ಟಿನಲ್ಲಿ ಹೋದ ಬಣ್ಣ

ಹಾವು, ಹಲ್ಲಿ, ಕಪ್ಪೆ ಗುರುತಿಸುವುದು ಅಂದರೆ ಬಹುಪಾಲು ಎಣಿಸುವ ಕೆಲಸ. ಮೈ ಸುತ್ತ ಹುರುಪೆ ಎಷ್ಟು ಸಾಲು, ಹೊಟ್ಟೆಯ ಅಡಿ ಎಷ್ಟು ಪಟ್ಟಿ, ಬಾಲದ ಅಡಿಯ ಪಟ್ಟಿ ಒಂಟಿಯೋ ಜೋಡಿಯೋ, ಕಪ್ಪೆಯಾದರೆ ಬೆರಳ ಮಧ್ಯದ ಜಾಲ ಎಲ್ಲಿಯವರೆಗಿದೆ. ಇವೆಲ್ಲ ನೂರು ವರ್ಷ ಬಾಟಲಿಯಲ್ಲಿದ್ದರೂ ಉಳಿಯುತ್ತವೆ. ಬಣ್ಣ ಉಳಿಯುವುದಿಲ್ಲ. ಹಸಿರು ಹೋಗಿ ನೀಲಿಯೋ ಬೂದಿಯೋ ಆಗುತ್ತದೆ, ಕೆಂಪು ತೊಳೆದೇ ಹೋಗುತ್ತದೆ.

ಡಾರ್ವಿನ್‌ಗೆ ಇದು ಗೊತ್ತಿತ್ತು. ಬಣ್ಣಗಳಿಗೆಲ್ಲ ಒಂದೊಂದು ನಿಶ್ಚಿತ ಹೆಸರು ಕೊಟ್ಟ ಕೈಪಿಡಿಯೊಂದನ್ನು ಹಡಗಿನಲ್ಲಿ ಇಟ್ಟುಕೊಂಡು, ಪ್ರಾಣಿ ಹಸಿಯಾಗಿದ್ದಾಗಲೇ ಹೋಲಿಸಿ ಬರೆಯುತ್ತಿದ್ದ. ಅರ್ಜೆಂಟೀನಾದ ಬಹೀಯಾ ಬ್ಲಾಂಕಾದಲ್ಲಿ ಸಿಕ್ಕ ಒಂದು ಪುಟ್ಟ ನೆಲಗಪ್ಪೆಯ ವಿಷಯ ಕೇಳಿ. ಮೈಯೆಲ್ಲ ಮಸಿಯಲ್ಲಿ ಅದ್ದಿದ ಕಪ್ಪು, ಅಂಗಾಲು ಮತ್ತು ಹೊಟ್ಟೆಯಲ್ಲಿ ಹಸಿ ಕುಂಕುಮದಂಥ ಕೆಂಪು. ಬೇರೆ ನೆಲಗಪ್ಪೆಗಳ ಹಾಗೆ ರಾತ್ರಿ ಹೊರಬರುವುದಲ್ಲ, ಸುಡುಬಿಸಿಲಿನಲ್ಲಿ ಒಣ ಮರಳಿನ ಮೇಲೆ ಓಡಾಡುತ್ತಿತ್ತು. ಪಾಪ, ಬಾಯಾರಿರಬೇಕು ಅಂತ ನೀರಿನ ಗುಂಡಿಗೆ ಬಿಟ್ಟರೆ ಈಜಲು ಬಾರದೆ ಮುಳುಗತೊಡಗಿತು, ಎತ್ತಿ ಉಳಿಸಬೇಕಾಯಿತು. ಇಂಥದ್ದಕ್ಕೆ ಹೆಸರಿಲ್ಲದಿದ್ದರೆ ಸೈತಾನನ ಹೆಸರೇ ಸರಿ ಅಂತ ಡಾರ್ವಿನ್ ತಮಾಷೆ ಮಾಡಿದ. ಬೆಲ್ ಅದನ್ನು ಆಗಲೇ ಹೆಸರಿದ್ದ ಫ್ರಿನಿಸ್ಕಸ್ ನೈಗ್ರಿಕನ್ಸ್ ಅಂತ ಗುರುತಿಸಿದ. ಬಾಟಲಿಯಲ್ಲಿದ್ದದ್ದು ಹೆಚ್ಚೆಂದರೆ ಒಂದು ಕಪ್ಪು ಉಂಡೆ. ಬಿಸಿಲು, ಮರಳು, ಕೆಂಪು, ಈಜು ಬಾರದ್ದು ಎಲ್ಲ ಇದ್ದದ್ದು ಟಿಪ್ಪಣಿಯಲ್ಲಿ.

ಬೆಲ್ ಕೆಲಸ ನಿಧಾನ. ಬೀಗಲ್ ಪ್ರಾಣಿಗಳ ಪುಸ್ತಕಕ್ಕೆ ಸರ್ಕಾರ 1837ರಲ್ಲಿ ಸಾವಿರ ಪೌಂಡ್ ಕೊಟ್ಟಿತ್ತು. ಐದು ಭಾಗ: ಹಳೆಯ ಮೂಳೆಗಳು ಓವನ್‌ಗೆ, ಸಸ್ತನಿಗಳು ವಾಟರ್‌ಹೌಸ್‌ಗೆ, ಹಕ್ಕಿಗಳು ಗೂಲ್ಡ್‌ಗೆ, ಮೀನು ಜೆನಿನ್ಸ್‌ಗೆ, ಸರೀಸೃಪ ಬೆಲ್‌ಗೆ. ಎಲ್ಲರದೂ ಮುಗಿದು ಕೊನೆಗೆ ಎಳೆದುಕೊಂಡು 1842–43ರಲ್ಲಿ ಬಂದದ್ದು ಬೆಲ್ ಭಾಗ. ಅನಾರೋಗ್ಯವೂ ಇತ್ತು, ಕೆಲಸವೂ ಜಾಸ್ತಿ ಇತ್ತು. ಏಡಿ, ಸಿಗಡಿಗಳನ್ನೂ ತಾನೇ ನೋಡುತ್ತೇನೆ ಅಂತ ಇಟ್ಟುಕೊಂಡವನು ಅದರ ವರದಿ ಬರೆಯಲೇ ಇಲ್ಲ. ಇದೇ ಬೆಲ್ 1858ರಲ್ಲಿ ಲಂಡನ್ನಿನ ಜೀವಶಾಸ್ತ್ರಜ್ಞರ ಸಂಘವಾದ ಲಿನಿಯನ್ ಸೊಸೈಟಿಯ ಅಧ್ಯಕ್ಷ. ಜೀವವಿಕಾಸದ ಬಗ್ಗೆ ಡಾರ್ವಿನ್ ಮತ್ತು ವಾಲೇಸ್ ಬರೆದ ಲೇಖನಗಳನ್ನು ಅಲ್ಲಿ ಓದಿದ ವರ್ಷದ ಬಗ್ಗೆ, ವಿಜ್ಞಾನವನ್ನು ಅಲುಗಾಡಿಸುವಂಥ ಶೋಧ ಏನೂ ಆಗಲಿಲ್ಲ ಅನ್ನುವ ಅರ್ಥದ ಮಾತಾಡಿದವನೂ ಅವನೇ. ಆ ಒಂದು ಮಾತಿಗೆ ಜನ ಇವತ್ತಿಗೂ ಅವನನ್ನು ನೋಡಿ ನಗುತ್ತಾರೆ. ನನಗೇನೋ ಅದು ಅನ್ಯಾಯ ಅನಿಸುತ್ತದೆ. ಪ್ಯಾಟಗೋನಿಯಾದ ಹಲ್ಲಿಗಳಲ್ಲಿ ಅವನು 1843ರಲ್ಲಿ ಬಿಡಿಸಿಟ್ಟ ಲಿಯೊಲೀಮಸ್ ಡಾರ್ವಿನೈ, ಲಿಯೊಲೀಮಸ್ ಕಿಂಗೈ, ನ್ಯೂಜಿಲೆಂಡಿನ ಹಸಿರು ಹಲ್ಲಿ ನಾಲ್ಟಿನಸ್ ಗ್ರೇಯೈ, ಇವೆಲ್ಲ ಇವತ್ತಿಗೂ ಅಲುಗದೆ ನಿಂತ ಹೆಸರುಗಳು.

ತಡವಾದದ್ದಕ್ಕೆ ಒಂದು ದಂಡವಂತೂ ತೆರಬೇಕಾಯಿತು. ಚಿಲಿಯ ವಾಲ್ಡೀವಿಯಾದ ಕತ್ತಲೆ ಕಾಡಿನಲ್ಲಿ ಡಾರ್ವಿನ್ ಹಿಡಿದಿದ್ದ ಚೂಪು ಮೂಗಿನ ಪುಟ್ಟ ಕಪ್ಪೆ ಪ್ಯಾರಿಸ್ಸಿನವರ ಕೈಗೂ ಸಿಕ್ಕಿತು. ಅಲ್ಲಿನ ಪ್ರಾಣಿಶಾಸ್ತ್ರಜ್ಞರಾದ ಡ್ಯುಮೆರಿಲ್ ಮತ್ತು ಬಿಬ್ರೋನ್ 1841ರಲ್ಲೇ ರೈನೋಡರ್ಮಾ ಡಾರ್ವಿನೈ ಅಂತ ಹೆಸರಿಟ್ಟು ಮುಗಿಸಿದ್ದರು. ಅದರ ನಿಜವಾದ ಸೋಜಿಗ ಹೊರಬಿದ್ದದ್ದು 1872ರಲ್ಲಿ. ಸ್ಪೇನಿನ ಹಿಮೆನೆಸ್ ದೆ ಲಾ ಎಸ್ಪಾದಾ ಕಪ್ಪೆಯನ್ನು ಸೀಳಿ ನೋಡಿದಾಗ, ಅಲ್ಲಿಯವರೆಗೆ ತಾಯಿಯ ಹೊಟ್ಟೆಯಲ್ಲಿವೆ ಅಂದುಕೊಂಡಿದ್ದ ಮರಿಗಳು ಗಂಡಿನ ಗಂಟಲ ಚೀಲದಲ್ಲಿದ್ದವು. ಅಪ್ಪ ಗೊದಮೊಟ್ಟೆಗಳನ್ನು ಬಾಯಿಂದ ಒಳಗೆ ತೆಗೆದುಕೊಂಡು, ಮರಿಕಪ್ಪೆಯಾದ ಮೇಲೆ ಹೊರಗೆ ಬಿಡುತ್ತದೆ.

ತಿಂದು ಮುಗಿಸಿದ ಸಾಕ್ಷಿ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಆಮೆಗಳ ಸಂಗತಿ.

ಗಲಾಪಗೋಸ್‌ನ ಚಾರ್ಲ್ಸ್ ದ್ವೀಪದಲ್ಲಿ ಉಪಗವರ್ನರ್ ಲಾಸನ್ ಊಟದ ಹೊತ್ತಿನ ಮಾತಿನ ಹಾಗೆ ಒಂದು ಮಾತು ಹೇಳಿದ: ಆಮೆ ದ್ವೀಪದಿಂದ ದ್ವೀಪಕ್ಕೆ ಬೇರೆ, ಯಾವುದನ್ನಾದರೂ ತಂದು ತೋರಿಸಿ, ಯಾವ ದ್ವೀಪದ್ದು ಅಂತ ಹೇಳುತ್ತೇನೆ. ಚಾರ್ಲ್ಸ್ ಮತ್ತು ಹುಡ್ ದ್ವೀಪದ ಆಮೆಗಳ ಚಿಪ್ಪು ಕುತ್ತಿಗೆಯ ಹತ್ತಿರ ಕುದುರೆ ಜೀನಿನ ಹಾಗೆ ಮೇಲಕ್ಕೆದ್ದಿರುತ್ತದೆ. ಜೇಮ್ಸ್ ದ್ವೀಪದವು ಹೆಚ್ಚು ದುಂಡು, ಹೆಚ್ಚು ಕಪ್ಪು, ಬೇಯಿಸಿದರೆ ರುಚಿಯೂ ಜಾಸ್ತಿ. ಊರಿನವರಿಗೆ, ಹಡಗಿನವರಿಗೆ ಇದು ದಿನನಿತ್ಯದ ತಿಳುವಳಿಕೆ. ಡಾರ್ವಿನ್ ಕೆಲಕಾಲ ಇದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಅಷ್ಟರಲ್ಲಿ ಎರಡು ದ್ವೀಪಗಳ ಸಂಗ್ರಹವನ್ನು ಭಾಗಶಃ ಒಂದರೊಳಗೊಂದು ಬೆರೆಸಿಬಿಟ್ಟಿದ್ದ. ಇದನ್ನು ಅವನೇ ಬರೆದಿಟ್ಟಿದ್ದಾನೆ.

ಕಿವಿಗೊಡದಿರಲು ಕಾರಣವೂ ಇತ್ತು. ಆಗ ಈ ಆಮೆಗಳಿಗೆ ಟೆಸ್ಟುಡೊ ಇಂಡಿಕಾ ಅನ್ನುವ ಹೆಸರು ಓಡಾಡುತ್ತಿತ್ತು. ಹಿಂದೂ ಮಹಾಸಾಗರದ ದ್ವೀಪಗಳ ದೈತ್ಯ ಆಮೆಗಳೂ ಇವೂ ಒಂದೇ, ಕಡಲುಗಳ್ಳರು ಊಟಕ್ಕೆ ಅಂತ ತಂದು ಬಿಟ್ಟಿರಬೇಕು ಅನ್ನುವ ನಂಬಿಕೆ. ಹೊರಗಿನಿಂದ ತಂದ ಪ್ರಾಣಿಯಾದರೆ ದ್ವೀಪವಾರು ಲೆಕ್ಕ ಇಡುವುದು ಯಾಕೆ, ಅಲ್ವಾ? ಹೀಗೆ ಹಳೆಯ ಒಂದು ತಪ್ಪು ಗುರುತು ಹೊಸ ಸಂಗ್ರಹವನ್ನೂ ಕೆಡಿಸಿತು. ಇವು ಗಲಾಪಗೋಸ್‌ನದೇ ಪ್ರಾಣಿಗಳು ಅಂತ ಗಟ್ಟಿಯಾದದ್ದು ಹಡಗು ವಾಪಸ್ ಬಂದ ಮೇಲೆ.

ಅಷ್ಟು ಹೊತ್ತಿಗೆ ಏನು ಉಳಿದಿತ್ತು? ಹಡಗಿಗೆ ಏರಿಸಿದ್ದ ದೊಡ್ಡ ಆಮೆಗಳನ್ನೆಲ್ಲ ದಾರಿಯಲ್ಲಿ ಅಡಿಗೆ ಮಾಡಿ ತಿಂದಿದ್ದರು. ಚಿಪ್ಪುಗಳು ಕಡಲಿಗೆ ಹೋಗಿದ್ದವು. ಯಾವ ದ್ವೀಪದ್ದು ಅಂತ ಹೇಳುವುದೇ ಆ ಚಿಪ್ಪು. ಇಂಗ್ಲೆಂಡಿಗೆ ತಲುಪಿದ್ದು ಸಾಕಿಕೊಂಡಿದ್ದ ಕೆಲವು ಮರಿಗಳು, ಮೂರು ದ್ವೀಪದವು. ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಮತ್ತು ಡಾರ್ವಿನ್ ಇಬ್ಬರೂ ನೋಡಿದರು. ಏನೂ ವ್ಯತ್ಯಾಸ ಕಾಣಲಿಲ್ಲ. ಮರಿಗಳಲ್ಲಿ ಜೀನಿನ ಆಕಾರ ಇನ್ನೂ ಮೂಡಿರುವುದಿಲ್ಲ. ಬೆಳೆದ ಆಮೆಗಳನ್ನು ನೋಡಿದ್ದ ಬಿಬ್ರೋನ್ ಮಾತ್ರ ಅವು ಖಂಡಿತ ಬೇರೆ ಬೇರೆ ಜಾತಿ ಅಂದ. ಮೂರು ಬೆಳೆದ ಚಿಪ್ಪು, ಒಂದೊಂದರ ಮೇಲೆ ದ್ವೀಪದ ಹೆಸರು, ಇಷ್ಟಿದ್ದಿದ್ದರೆ ಆ ಚರ್ಚೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಆಮೆ ವಿಷಯ ಬಂದ ಮೇಲೆ ಹ್ಯಾರಿಯೆಟ್‌ಳನ್ನು ಬಿಡುವುದು ಹೇಗೆ. ಆಸ್ಟ್ರೇಲಿಯಾದ ಮೃಗಾಲಯವೊಂದರಲ್ಲಿ 2006ರವರೆಗೆ ಬದುಕಿದ್ದ ಮುದಿ ಹೆಣ್ಣಾಮೆ. ಡಾರ್ವಿನ್ ಕೈಯಾರೆ ಹಿಡಿದದ್ದು ಅಂತ ಪ್ರಸಿದ್ಧಿ. ಡಿಎನ್ಎ ನೋಡಿದರೆ ಅದು ಸಾಂತಾ ಕ್ರೂಸ್ ದ್ವೀಪದ ಆಮೆಗಳ ಗುಂಪಿಗೆ ಸೇರಿತ್ತು. ಡಾರ್ವಿನ್ ಕಾಲಿಟ್ಟದ್ದು ಚಾಥಮ್, ಚಾರ್ಲ್ಸ್, ಆಲ್ಬೆಮಾರ್ಲ್, ಜೇಮ್ಸ್ ಈ ನಾಲ್ಕರ ಮೇಲೆ. ಸಾಂತಾ ಕ್ರೂಸ್‌ಗೆ ಅವನು ಹೋಗಲೇ ಇಲ್ಲ.

ಬಾಟಲಿಗೆ ಬೀಳದ್ದೂ ಒಂದಿದೆ. ಗಲಾಪಗೋಸ್‌ನಲ್ಲಿ ಕಪ್ಪೆ ಒಂದೂ ಸಿಗಲಿಲ್ಲ. ಮೇಲಿನ ಕಾಡು ತಂಪಾಗಿ, ಒದ್ದೆಯಾಗಿ ಕಪ್ಪೆಗೆ ಹೇಳಿ ಮಾಡಿಸಿದ ಹಾಗಿದ್ದರೂ ಇಲ್ಲವಲ್ಲ ಅಂತ ಡಾರ್ವಿನ್ ಆಶ್ಚರ್ಯಪಟ್ಟು ಬರೆದ. ಉಪ್ಪುನೀರು ಕಪ್ಪೆಗೂ ಅದರ ಮೊಟ್ಟೆಗೂ ಸಾವು, ನಡುಗಡಲಿನ ದ್ವೀಪಕ್ಕೆ ತಾವಾಗಿ ತಲುಪಲಾರವು ಅನ್ನುವ ಅವನ ಮುಂದಿನ ವಾದಕ್ಕೆ ಈ ಒಂದು ಸಾಲೇ ಬುಡ. 1990ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಮರಗಪ್ಪೆ ಕೂಗತೊಡಗಿದಾಗ ಅದು ಮನುಷ್ಯರ ಸಾಮಾನಿನ ಜೊತೆ ಬಂದದ್ದೇ ಅಂತ ಹೇಳಲು ಯಾರಿಗೂ ಕಷ್ಟವಾಗಲಿಲ್ಲ. ನಮ್ಮ ಹವ್ಯಾಸಿಗಳು "ಇಲ್ಲಿ ಹುಡುಕಿದೆ, ಸಿಗಲಿಲ್ಲ" ಅಂತ ಬರೆಯುವುದು ಅಪರೂಪ. ಈಗ ನಮ್ಮಲ್ಲಿ ಹಾವು, ಉಡ, ಆಮೆಗಳನ್ನು ಅನುಮತಿ ಇಲ್ಲದೆ ಹಿಡಿದು ಬಾಟಲಿಗೆ ಹಾಕುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಎಲ್ಲ ಫೋನಿನ ಫೋಟೋ. ಫೋಟೋದಲ್ಲಿ ಬಣ್ಣ ಉಳಿಯುತ್ತದೆ, ಸಂತೋಷ. ಯಾವ ಹಳ್ಳದ ಪಕ್ಕ, ಎಷ್ಟು ಹೊತ್ತಿಗೆ, ಎಲೆಯ ಮೇಲೋ ಕಲ್ಲಿನ ಅಡಿಯೋ ಅನ್ನುವುದನ್ನು ಬರೆಯದಿದ್ದರೆ ಅದೂ ಬುಲಕ್‌ನ ಮೆಕ್ಸಿಕೋ ಹಲ್ಲಿಯೇ.

ಚಿಲಿಯದಲ್ಲದ ಹಾವು

ಕೊನೆಯದು ಹಾವು. ಗಲಾಪಗೋಸ್‌ನಲ್ಲಿ ಡಾರ್ವಿನ್ ಒಂದು ತೆಳ್ಳನೆಯ ಹಾವನ್ನು ಹಿಡಿದು ಸ್ಪಿರಿಟ್ಟಿಗೆ ಹಾಕಿದ್ದ. ಬೆಲ್ ವರದಿಯಲ್ಲಿ ಹಲ್ಲಿ, ಕಪ್ಪೆಗಳಿವೆ, ಹಾವುಗಳಿಗೆ ಜಾಗ ಸಿಗಲಿಲ್ಲ. ಡಾರ್ವಿನ್ ಬಿಬ್ರೋನ್‌ನನ್ನು ಕೇಳಿದ. ಇದು ಚಿಲಿಯ ಸಾಮೋಫಿಸ್ ಟೆಮ್ಮಿಂಕೈಯೇ, ಬೇರೆ ಅಲ್ಲ ಅಂತ ಬಿಬ್ರೋನ್ ಹೇಳಿದ. ಆಮೆಯ ವಿಷಯದಲ್ಲಿ ಸರಿಯಾಗಿ ಹೇಳಿದವನೇ ಇಲ್ಲಿ ಎಡವಿದ. ದೂರದ ದ್ವೀಪದ ಒಂದು ಹಾವನ್ನು ಎದುರಿನ ಖಂಡದ ಪರಿಚಿತ ಹೆಸರಿಗೆ ಹೊಂದಿಸುವುದು ಎಲ್ಲರಿಗೂ ಆಗುವ ಸೆಳೆತ. ಡಾರ್ವಿನ್ ಆ ಮಾತನ್ನು ನಂಬಿ ತನ್ನ ಪ್ರವಾಸದ ಪುಸ್ತಕದಲ್ಲಿ ಹಾಗೇ ಅಚ್ಚು ಹಾಕಿಸಿದ.

1857ರಲ್ಲಿ ಜರ್ಮನಿಯಿಂದ ಆಲ್ಬರ್ಟ್ ಗುಂಥರ್ ಲಂಡನ್ನಿಗೆ ಬಂದು ಬ್ರಿಟಿಷ್ ಮ್ಯೂಸಿಯಂನ ಹಾವುಗಳ ಪಟ್ಟಿ ಮಾಡಲು ಕೂತ. ಒಂದೊಂದೇ ಬಾಟಲಿ ಇಳಿಸಿ ಹುರುಪೆ ಎಣಿಸುವ ಮನುಷ್ಯ. ಮುಂದೆ ಸೈನ್ಯದ ಡಾಕ್ಟರ್ ಜೆರ್ಡನ್, ಅರಣ್ಯಾಧಿಕಾರಿ ಬೆಡ್ಡೋಮ್ ದಕ್ಷಿಣ ಭಾರತದಿಂದ ಕಳಿಸಿದ ಹಾವು, ಕಪ್ಪೆಗಳಿಗೆ ಹೆಸರು ಕೊಟ್ಟವನೂ ಇವನೇ. ಡಾರ್ವಿನ್‌ನ ಹಾವು ಅವನ ಮೇಜಿಗೆ ಬಂತು. 1860ರಲ್ಲಿ ಗುಂಥರ್ ಅದು ಚಿಲಿಯದಲ್ಲ, ಯಾರೂ ಹೆಸರಿಡದ ಹೊಸ ಹಾವು ಅಂತ ಬರೆದು ಹರ್ಪೆಟೋಡ್ರಯಾಸ್ ಬೈಸೀರಿಯಾಲಿಸ್ ಅಂತ ಕರೆದ. ಅಷ್ಟರಲ್ಲಿ ಜೀವಜಾತಿಗಳ ಹುಟ್ಟಿನ ಬಗ್ಗೆ ಡಾರ್ವಿನ್ ಬರೆದ ದೊಡ್ಡ ಪುಸ್ತಕ ಹಿಂದಿನ ವರ್ಷವೇ ಹೊರಬಂದಾಗಿತ್ತು. ದ್ವೀಪಕ್ಕೊಂದು ಜೀವಿ, ಖಂಡದ ನೆಂಟಸ್ತಿಕೆ ಎಂಬ ಅವನದೇ ವಾದಕ್ಕೆ ಹೇಳಿ ಮಾಡಿಸಿದ ಸಾಕ್ಷಿ ಅವನದೇ ಬಾಟಲಿಯಲ್ಲಿ ಬೇರೆ ಹೆಸರಿನಲ್ಲಿ ಕೂತಿತ್ತು.

ಇವತ್ತು ಅದರ ಹೆಸರು ಸ್ಯೂಡಾಲ್ಸೋಫಿಸ್ ಬೈಸೀರಿಯಾಲಿಸ್. ಗಲಾಪಗೋಸ್‌ನ ಹಾವುಗಳನ್ನು 2018ರಲ್ಲಿ ಡಿಎನ್ಎ ಹಿಡಿದು ಮತ್ತೆ ನೋಡಿದಾಗ ಒಂದೇ ಬಳಗದ ಒಂಬತ್ತು ಜಾತಿ ಲೆಕ್ಕಕ್ಕೆ ಸಿಕ್ಕವು. ಅವುಗಳಲ್ಲಿ ಬೈಸೀರಿಯಾಲಿಸ್ ಯಾವುದು ಅಂತ ತಕರಾರಿಲ್ಲದೆ ಹೇಳಲು ಆದದ್ದು ಚಾರ್ಲ್ಸ್ ದ್ವೀಪ ಅಂತ ಊರು ಬರೆದಿದ್ದರಿಂದ. ಚಾರ್ಲ್ಸ್ ಅಂದರೆ ಈಗಿನ ಫ್ಲೋರಿಯಾನಾ. ಇಲಿ, ಬೆಕ್ಕುಗಳ ಕಾಟಕ್ಕೆ ಮುಖ್ಯ ದ್ವೀಪದಲ್ಲಿ ಆ ಹಾವು ಅಳಿದುಹೋಗಿದೆ. ಪಕ್ಕದ ಚಾಂಪಿಯನ್, ಗಾರ್ಡ್ನರ್ ಎಂಬ ಎರಡು ಪುಟ್ಟ ದ್ವೀಪಗಳಲ್ಲಿ ಉಳಿದಿದೆ. ಅಲ್ಲಿಂದ ಅದನ್ನು ಫ್ಲೋರಿಯಾನಾಕ್ಕೆ ಮರಳಿ ತರಬೇಕು ಅನ್ನುವುದು ಆ ದ್ವೀಪವನ್ನು ಸರಿಪಡಿಸುವ ಯೋಜನೆಯ ಪಟ್ಟಿಯಲ್ಲಿದೆ.